ದರ ಮಾರುಕಟ್ಟೆಗೆ, ಭದ್ರತೆ ಯಾರಿಗೆ?

ಪ್ರಶ್ನೆ: ನಾನು ಕೊಡಗಿನ ಅಮ್ಮತ್ತಿ ಸಮೀಪದ ಸಣ್ಣ ಕಾಫಿ ಬೆಳೆಗಾರ. ಬೆಳೆದ ಕಾಫಿಯನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕಿದ್ದ ಪೂಲ್ ವ್ಯವಸ್ಥೆಯನ್ನು ನಮ್ಮ ತಂದೆಯವರು ಕೊನೆಯವರೆಗೂ ಬೈಯುತ್ತಿದ್ದರು. ಸಮಾಜವಾದ ನಮ್ಮ ಬೆಳೆಯನ್ನು ತಿಂದುಹಾಕಿತು ಎನ್ನುತ್ತಿದ್ದರು. ಈಗ ನಮ್ಮೂರಿನಲ್ಲಿ ಸರ್ಕಾರದ ಉಚಿತ ಅಕ್ಕಿಯಿಂದಾಗಿ ತೋಟಕ್ಕೆ ಆಳು ಸಿಗುವುದಿಲ್ಲ ಎಂಬ ದೂರು. ಅದೇ ದೂರು ಹೇಳುವವರು ಕಾಫಿಗೆ ಬೆಂಬಲ ಬೆಲೆ ಬೇಕು, ಸಾಲ ಮನ್ನಾ ಆಗಬೇಕು ಎಂದೂ ಕೇಳುತ್ತಾರೆ. ಪ್ರಜಾಪ್ರಭುತ್ವದಲ್ಲಿ ಬಂಡವಾಳಶಾಹಿ ಮತ್ತು ಸಮಾಜವಾದ ಎರಡನ್ನೂ ಸರಿದೂಗಿಸಿಕೊಂಡು ಹೋಗಲು ಸಾಧ್ಯವೇ, ಅಥವಾ ಒಂದನ್ನು ಆರಿಸಿಕೊಳ್ಳಲೇಬೇಕೇ?

ಉತ್ತರ: ಸಾಧ್ಯವಿದೆ, ಇಂದು ನೆಮ್ಮದಿಯಿಂದಿರುವ ಪ್ರಜಾಪ್ರಭುತ್ವ ದೇಶಗಳೆಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಅದನ್ನೇ ಮಾಡುತ್ತಿವೆ. ಆದರೆ ಸರಿದೂಗಿಸುವುದೆಂದರೆ ಅರ್ಧ ಅದು, ಅರ್ಧ ಇದು ಎಂದು ಅಳೆದು ಬೆರೆಸುವುದು ಎಂದುಕೊಂಡರೆ ಚರ್ಚೆ ದಾರಿ ತಪ್ಪುತ್ತದೆ. ಯಾವುದೇ ವ್ಯವಹಾರವನ್ನು ಎತ್ತಿಕೊಂಡರೂ ಲಾಭ ಬಂದಾಗ ಅದು ಯಾರ ಕೈ ಸೇರುತ್ತದೆ, ನಷ್ಟವಾದಾಗ ಯಾರ ತಲೆಯ ಮೇಲೆ ಬೀಳುತ್ತದೆ, ಇದನ್ನು ತೀರ್ಮಾನಿಸುವವರು ಯಾರು, ಆ ತೀರ್ಮಾನವನ್ನು ಮುಂದಿನ ಚುನಾವಣೆಯಲ್ಲಿ ಬದಲಿಸಲು ಜನರಿಗೆ ದಾರಿ ಉಂಟೇ ಎಂದು ಕೇಳಬೇಕು. ನಿಮ್ಮ ಪ್ರಶ್ನೆಯಲ್ಲಿ ಬಂದಿರುವ ಪೂಲ್, ಅಕ್ಕಿ, ಬೆಂಬಲ ಬೆಲೆ ಈ ಮೂರನ್ನೂ ಹೀಗೆ ಕೇಳಿಯೇ ನೋಡೋಣ.

ಮೊದಲು ಪೂಲ್ ವಿಚಾರ. ನಿಮ್ಮ ತಂದೆಯವರ ಸಿಟ್ಟಿಗೆ ಕಾರಣವಿತ್ತು, ಆದರೆ ಅವರು ಅದಕ್ಕೆ ಇಟ್ಟ ಹೆಸರು ಅಷ್ಟು ಸರಿಯಲ್ಲ. ಪೂಲ್ ತಂದವರು ಸಮಾಜವಾದಿಗಳಲ್ಲ. ಎರಡನೆಯ ಮಹಾಯುದ್ಧದಿಂದಾಗಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಕಾಫಿಯನ್ನು ಕೇಳುವವರಿಲ್ಲದೆ ಹೋದಾಗ ಬೆಳೆಗಾರರನ್ನು ಉಳಿಸಲೆಂದು ಬ್ರಿಟಿಷ್ ಸರ್ಕಾರ 1940ರಲ್ಲಿ ನಿಯಂತ್ರಣಕ್ಕೆ ಇಳಿಯಿತು. 1942ರ ಕಾಯ್ದೆ ಅದಕ್ಕೆ ಶಾಶ್ವತ ರೂಪ ಕೊಟ್ಟಿತು. ಅಂದರೆ ಮಾರುಕಟ್ಟೆ ಕೈಕೊಟ್ಟಾಗ ನಷ್ಟವನ್ನು ಎಲ್ಲರೂ ಸೇರಿ ಹೊರುವ ಏರ್ಪಾಡಾಗಿ ಅದು ಹುಟ್ಟಿತು. ಬೆಳೆಗಾರ ತನ್ನ ಕಾಫಿಯನ್ನು ಮಂಡಳಿಯ ಪರವಾಗಿ ಕೆಲಸ ಮಾಡುತ್ತಿದ್ದ ಕ್ಯೂರಿಂಗ್ ವರ್ಕ್ಸ್‌ಗೆ, ಅಂದರೆ ಸಿಪ್ಪೆ ಬಿಡಿಸಿ ಬೀಜ ಹಸನು ಮಾಡುವ ಕಾರ್ಖಾನೆಗೆ ಒಪ್ಪಿಸಬೇಕಿತ್ತು, ಗುಣಮಟ್ಟಕ್ಕೆ ತಕ್ಕಂತೆ ಪಾಯಿಂಟ್ ಬೀಳುತ್ತಿತ್ತು, ಮಂಡಳಿ ಹರಾಜಿನಲ್ಲಿ ಮಾರಿ ಬಂದ ಹಣವನ್ನು ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ಹಂಚುತ್ತಿತ್ತು. ಐದು ಎಕರೆಯವನ ಚೀಲಕ್ಕೂ ದೊಡ್ಡ ಕಂಪನಿಯ ಚೀಲಕ್ಕೂ ಒಂದೇ ಲೆಕ್ಕ ಎಂಬುದು ಸಣ್ಣ ಸಂಗತಿಯಲ್ಲ. ಆದರೆ ಯುದ್ಧ ಮುಗಿದು ದಶಕಗಳಾದ ಮೇಲೂ ಆ ಏರ್ಪಾಡು ಹಾಗೆಯೇ ಉಳಿಯಿತು. ಕೊನೆಯ ಕಂತು ಬರುವ ಹೊತ್ತಿಗೆ ಮುಂದಿನ ಕೊಯ್ಲು ಬಂದಿರುತ್ತಿತ್ತು, ತನ್ನ ಬೆಳೆಯನ್ನು ಯಾವಾಗ ಯಾರಿಗೆ ಮಾರಬೇಕೆಂಬ ಮಾತನ್ನೇ ಬೆಳೆಗಾರ ಆಡುವಂತಿರಲಿಲ್ಲ. ನಷ್ಟ ಹಂಚಿಕೊಳ್ಳಲು ಹುಟ್ಟಿದ ವ್ಯವಸ್ಥೆ ನಿರ್ಧಾರವನ್ನೂ ಕಿತ್ತುಕೊಂಡಿತು. ನಿಮ್ಮ ತಂದೆಯವರು ಬೈದದ್ದು ಇದನ್ನು.

1989ರಲ್ಲಿ ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದೆಂದು ಮಿತಿ ಹಾಕುತ್ತಿದ್ದ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಕುಸಿಯಿತು, 1991ರಲ್ಲಿ ನಮ್ಮ ಕಾಫಿಯ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. 1992ರಿಂದ ಹಂತ ಹಂತವಾಗಿ ಬೆಳೆಗಾರರಿಗೆ ಮಾರಾಟದ ಸ್ವಾತಂತ್ರ್ಯ ಸಿಕ್ಕಿ, 1996ರ ಹೊತ್ತಿಗೆ ಪೂಲ್ ಪೂರ್ತಿ ಮುಗಿಯಿತು. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ದರ ಏರಿದ್ದರಿಂದ ಮುಕ್ತ ಮಾರುಕಟ್ಟೆ ಎಂದರೆ ಏರುವ ದರ ಎಂದೇ ಕೊಡಗಿನಲ್ಲಿ ಅನೇಕರು ನಂಬಿದರು. ಆ ನಂಬಿಕೆ ಹೆಚ್ಚು ಕಾಲ ಬಾಳಲಿಲ್ಲ. 2000ದಿಂದ ಎರಡು ಮೂರು ವರ್ಷ ಜಗತ್ತಿನ ಕಾಫಿ ದರ ದಶಕಗಳಲ್ಲೇ ಕಾಣದಷ್ಟು ಕೆಳಗಿಳಿಯಿತು, ಸಾಲ ಮಾಡಿ ತೋಟ ಹಿಗ್ಗಿಸಿದವರು ಬ್ಯಾಂಕಿನ ನೋಟಿಸು ನೋಡಿದರು. ಮುಂದೆ ವಿಯೆಟ್ನಾಂ, ಬ್ರೆಜಿಲ್‌ಗಳ ಬರದಿಂದಾಗಿ 2025ರ ಆರಂಭದಲ್ಲಿ 50 ಕೆ.ಜಿ. ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಚೀಲ 10,000 ರೂಪಾಯಿ ದಾಟಿದಾಗ ಅದೇ ಮಾರುಕಟ್ಟೆ ಕೈಹಿಡಿಯಿತು. ಪೂಲ್ ಇದ್ದಿದ್ದರೆ ಇಷ್ಟು ದರವೂ ಇಷ್ಟು ಬೇಗ ಕೈಗೆ ಸೇರುತ್ತಿರಲಿಲ್ಲ, 2001ರ ಏಟೂ ಅಷ್ಟು ಒಂಟಿಯಾಗಿ ಬೀಳುತ್ತಿರಲಿಲ್ಲ. ಆದರೂ ಬೆಲೆಯನ್ನು ಕಚೇರಿಯಲ್ಲಿ ಕುಳಿತು ನಿರ್ಧರಿಸುವುದಕ್ಕಿಂತ ಮಾರುಕಟ್ಟೆಗೆ ಬಿಡುವುದೇ ಮೇಲು ಎಂದು ನಾನು ಹೇಳುತ್ತೇನೆ. ಯಾವ ಜಾಗದಲ್ಲಿ ಅರೇಬಿಕಾ ತೆಗೆದು ರೊಬಸ್ಟಾ ಹಾಕಬೇಕು, ಯಾವ ನೆರಳು ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಬೇಕು ಎಂಬುದನ್ನು ಸಾವಿರಾರು ಬೆಳೆಗಾರರು ದರ ನೋಡಿಯೇ ತೀರ್ಮಾನಿಸಿದ್ದಾರೆ. ಯಾವ ಅಧಿಕಾರಿಗೂ ಅಷ್ಟು ತಿಳಿವಳಿಕೆ ಇರಲು ಸಾಧ್ಯವಿಲ್ಲ.

ಆದರೆ ಮಾರುಕಟ್ಟೆ ತಾನಾಗಿಯೇ ನ್ಯಾಯವಾಗಿ ನಡೆಯುತ್ತದೆ ಎಂದುಕೊಳ್ಳಬಾರದು, ಅದನ್ನು ನೀವೇ ಕಂಡಿರುತ್ತೀರಿ. ಚೆರಿ ಮಾರಲು ಹೋದಾಗ ವ್ಯಾಪಾರಿ ಚೀಲಕ್ಕೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆಯುತ್ತಾನೆ, ತೇವಾಂಶದ ಮೀಟರಿಗೆ ಹಾಕುತ್ತಾನೆ, ಸ್ವಲ್ಪ ಕಾಫಿಯನ್ನು ಸಿಪ್ಪೆ ಬಿಡಿಸಿ ತೂಗಿ ಔಟ್‌ಟರ್ನ್, ಅಂದರೆ ಚೀಲಕ್ಕೆ ಎಷ್ಟು ಬೀಜ ಬರುತ್ತದೆ ಎಂದು ಹೇಳುತ್ತಾನೆ. 50 ಕೆ.ಜಿ. ಚೀಲದಲ್ಲಿ 28 ಕೆ.ಜಿ. ಬೀಜ ಬರಬೇಕಾದ ಕಾಫಿಗೆ 26 ಎಂದು ಬರೆದರೆ ಪ್ರತಿ ಚೀಲಕ್ಕೆ ಎರಡು ಕೆ.ಜಿ. ಬೀಜದ ಹಣ ಹೋಯಿತು. ಮೀಟರು ಅವನದು, ತಕ್ಕಡಿ ಅವನದು, ಪುಸ್ತಕವೂ ಅವನದು. ತೂಕ ಮತ್ತು ಅಳತೆಯ ಕಾನೂನು, ಮಂಡಳಿ ದಿನವೂ ಪ್ರಕಟಿಸುವ ದರ, ಪಕ್ಕದಲ್ಲೇ ಪೈಪೋಟಿಗೆ ನಿಂತ ಇನ್ನೊಬ್ಬ ವ್ಯಾಪಾರಿ ಇವು ಇದ್ದಾಗಲೇ ನಿಮ್ಮ ಸ್ವಾತಂತ್ರ್ಯಕ್ಕೆ ಬೆಲೆ ಬರುವುದು. ಒಳ್ಳೆಯ ಮಾರುಕಟ್ಟೆಯನ್ನು ಕಟ್ಟಲು ಒಳ್ಳೆಯ ಸರ್ಕಾರವೇ ಬೇಕು ಎಂಬುದನ್ನು ಮಾರುಕಟ್ಟೆಯ ಪರ ವಾದಿಸುವವರು ಬೇಗ ಮರೆಯುತ್ತಾರೆ.

ಇದೇ ತಕ್ಕಡಿಯನ್ನು ಇನ್ನೊಂದು ಕಡೆಯಿಂದ ನೋಡಿ. ಕೊಯ್ಲಿನ ದಿನ ಸಂಜೆ ಕಣದ ಬಳಿ ಕಾರ್ಮಿಕರು ತಾವು ಕುಯ್ದ ಹಣ್ಣಿನ ಚೀಲ ಇಟ್ಟುಕೊಂಡು ಸಾಲಾಗಿ ನಿಲ್ಲುತ್ತಾರೆ. ತೋಟದ ಗುಮಾಸ್ತನಾದ ರೈಟರ್ ತೂಗಿ ಕೆ.ಜಿ. ಲೆಕ್ಕ ಬರೆದುಕೊಳ್ಳುತ್ತಾನೆ. ಅಲ್ಲಿ ತಕ್ಕಡಿಯೂ ಪುಸ್ತಕವೂ ತೋಟದ್ದು. ವ್ಯಾಪಾರಿಯ ಎದುರು ನೀವು ನಿಂತ ಜಾಗದಲ್ಲಿ ನಿಮ್ಮ ಎದುರು ಅವರು ನಿಂತಿರುತ್ತಾರೆ, ಮತ್ತು ಅವರಿಗೆ ಆ ಹಣ್ಣನ್ನು ವಾಪಸು ಕೊಂಡೊಯ್ದು ಇನ್ನೊಬ್ಬರಿಗೆ ಮಾರುವ ಅವಕಾಶವೂ ಇಲ್ಲ.

ಉಚಿತ ಅಕ್ಕಿಯ ದೂರನ್ನು ಇಲ್ಲಿಟ್ಟು ನೋಡಬೇಕು. ಪೂಲ್ ಹೋದ ಮೇಲೆ ನಿಮಗೆ ಸಿಕ್ಕ ದೊಡ್ಡ ಲಾಭ ಯಾವುದು? ದರ ಕಡಿಮೆಯಿದ್ದರೆ ಚೀಲಗಳನ್ನು ಗೋದಾಮಿನಲ್ಲಿಟ್ಟು ಕಾಯಬಹುದು. ಕಾಯುವ ಶಕ್ತಿ ಇದ್ದವನಿಗೇ ಮಾರುಕಟ್ಟೆಯಲ್ಲಿ ಮಾತು. ದಿನಗೂಲಿಯವರು ಮಾರುವುದು ಒಂದು ದಿನದ ದುಡಿಮೆಯನ್ನು. ಅದನ್ನು ಚೀಲದಲ್ಲಿ ತುಂಬಿಟ್ಟು ಮಾರ್ಚ್‌ವರೆಗೆ ಕಾಯಲಾಗದು, ಸಂಜೆಯಾದರೆ ಅದು ಹೋಯಿತು. ಮನೆಯಲ್ಲಿ ಅಕ್ಕಿ ಇದೆ ಎಂದಾಗ ಮಾತ್ರ ಈ ಕೂಲಿಗೆ ಬರುವುದಿಲ್ಲ ಎಂದು ಹೇಳುವ ಧೈರ್ಯ ಅವರಿಗೆ ಬರುತ್ತದೆ. ಅಂದರೆ ನೀವು ಮುಕ್ತ ಮಾರುಕಟ್ಟೆಯಲ್ಲಿ ಪಡೆದದ್ದನ್ನೇ ಪಡಿತರ ಅವರಿಗೆ ಕೊಟ್ಟಿತು. ಇದನ್ನು ಸೋಮಾರಿತನ ಎಂದು ಕರೆಯುವವರು ದರಕ್ಕಾಗಿ ಕಾಯುವ ಬೆಳೆಗಾರನನ್ನು ಮಾತ್ರ ಜಾಣ ಎನ್ನುತ್ತಾರೆ, ಅದು ನನಗೆ ಒಪ್ಪಿಗೆಯಿಲ್ಲ. ನಿಮ್ಮಂಥ ಸಣ್ಣ ಹಿಡುವಳಿದಾರರಿಗೆ ಕೂಲಿ ಏರಿಕೆ ನಿಜವಾದ ಕಷ್ಟ ಎಂಬುದನ್ನು ಅಲ್ಲಗಳೆಯುತ್ತಿಲ್ಲ. ದೊಡ್ಡ ಕಂಪನಿ ಅಸ್ಸಾಮಿನಿಂದ ಜನರನ್ನು ಕರೆಸಿಕೊಳ್ಳಬಹುದು, ಹತ್ತು ಎಕರೆಯವರಿಗೆ ಅದು ಸುಲಭವಲ್ಲ. ಆದರೆ ಅದರ ಪರಿಹಾರ ಹಸಿವನ್ನು ಮತ್ತೆ ಮೇಸ್ತ್ರಿಯ ಕೆಲಸಕ್ಕೆ ಹಚ್ಚುವುದರಲ್ಲಿಲ್ಲ. ನಾಲ್ಕಾರು ಬೆಳೆಗಾರರು ಸೇರಿ ಕೊಯ್ಲಿನ ದಿನಗಳನ್ನು ಹೊಂದಿಸಿಕೊಳ್ಳುವುದು, ಯಂತ್ರವನ್ನು ಹಂಚಿಕೊಳ್ಳುವುದು, ದರ ಏರಿದ ವರ್ಷ ಕೂಲಿಯನ್ನೂ ತಾನಾಗಿ ಏರಿಸುವುದು ಇವೆಲ್ಲ ಕೈಗೆಟುಕುವ ದಾರಿಗಳು.

ಕಾರ್ಮಿಕರ ವಿಷಯದಲ್ಲಿ ನಮ್ಮ ಕಾನೂನಿನದೇ ಒಂದು ದೋಷವಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಮನೆ, ಔಷಧೋಪಚಾರ, ಕೂಸಿನ ಮನೆ, ಮಕ್ಕಳ ಓದು ಇವನ್ನೆಲ್ಲ ಒದಗಿಸುವ ಹೊಣೆಯನ್ನು ತೋಟದ ಮಾಲೀಕರ ಮೇಲೆ ಹಾಕಿತು. ಉದ್ದೇಶ ಒಳ್ಳೆಯದೇ. ಆದರೆ ಆ ಕಾಯ್ದೆ ಐದು ಹೆಕ್ಟೇರಿಗಿಂತ ಚಿಕ್ಕ ತೋಟಗಳಿಗೆ ಸಾಮಾನ್ಯವಾಗಿ ಅನ್ವಯಿಸಲಿಲ್ಲ. ಭಾರತದ ಕಾಫಿ ಬೆಳೆಗಾರರಲ್ಲಿ ಶೇ 98ರಷ್ಟು ಮಂದಿ ಹತ್ತು ಹೆಕ್ಟೇರಿಗಿಂತ ಕಡಿಮೆ ಇರುವವರೇ ಆದ್ದರಿಂದ ಬಹಳಷ್ಟು ದುಡಿಯುವವರು ಅದರ ಹೊರಗೇ ಉಳಿದರು. ಒಳಗಿದ್ದವರ ಸ್ಥಿತಿಯೂ ಇಕ್ಕಟ್ಟಿನದು. ತೋಟದೊಳಗೆ ಕಾರ್ಮಿಕರಿಗೆಂದು ಕಟ್ಟಿದ ಲೈನ್‌ಮನೆ ಕೆಲಸದ ಜೊತೆ ಬಂದದ್ದು, ಕೆಲಸ ಬಿಟ್ಟರೆ ಮನೆಯೂ ಹೋಗುತ್ತದೆ. ಪಕ್ಕದ ತೋಟದಲ್ಲಿ ಹೆಚ್ಚು ಕೂಲಿ ಇದ್ದರೂ ಹೋಗಲಾರರು. ಮುಂಗಡ ಪಡೆದಿದ್ದರಂತೂ ಮುಗಿದೇ ಹೋಯಿತು. ಹೀಗೆ ಸಮಾಜವಾದದ ಹೆಸರಿನಲ್ಲಿ ಕೊಟ್ಟ ಭದ್ರತೆ ಕೂಲಿಯ ಮಾರುಕಟ್ಟೆಯನ್ನೇ ಕಟ್ಟಿಹಾಕಿತು. 2016ರಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳು ಗುಡಿಸಲು ಹಾಕಿಕೊಂಡದ್ದು, ಡಿಸೆಂಬರಿನಲ್ಲಿ ಅರಣ್ಯ ಇಲಾಖೆ ಅವನ್ನು ತೆರವುಗೊಳಿಸಿದ್ದು, ಹೋರಾಟದ ನಂತರ ಕುಶಾಲನಗರದ ಕಡೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ನೆಲೆ ಕಲ್ಪಿಸಿದ್ದು ನಿಮಗೆ ನೆನಪಿರಬಹುದು. ಅಲ್ಲಿ ಸೇರಿದವರಲ್ಲಿ ಬಹುಪಾಲು ಲೈನ್‌ಮನೆಗಳಿಂದ ಬಂದ ಯರವರು, ಜೇನು ಕುರುಬರು. ಅವರು ಕೇಳಿದ್ದು ತಮ್ಮ ಹೆಸರಿನಲ್ಲಿರುವ ಒಂದು ತುಂಡು ನೆಲ ಮತ್ತು ಮನೆ. ಅದು ಕೈಗೆ ಬಂದ ಮೇಲೆ ಯಾವ ತೋಟಕ್ಕೆ ಹೋಗಬೇಕು ಎಂಬುದು ಅವರ ಆಯ್ಕೆ.

ಭದ್ರತೆ ಮಾಲೀಕನಿಗೂ ಅಂಟದೆ, ಹುದ್ದೆಗೂ ಅಂಟದೆ ವ್ಯಕ್ತಿಯ ಜೊತೆ ನಡೆಯುವಂತಿರಬೇಕು ಎಂಬ ಪಾಠವನ್ನು ಸ್ವೀಡನ್, ಡೆನ್ಮಾರ್ಕ್‌ಗಳು ಸಾಕಷ್ಟು ಹಿಂದೆಯೇ ಕಲಿತವು. ಅವನ್ನು ನಮ್ಮಲ್ಲಿ ಸಮಾಜವಾದಿ ದೇಶಗಳೆಂದು ಕರೆಯುವುದುಂಟು, ಆದರೆ ಅಲ್ಲಿ ಕಾರ್ಖಾನೆಗಳೂ ಅಂಗಡಿಗಳೂ ಬಹುಮಟ್ಟಿಗೆ ಖಾಸಗಿಯವರ ಕೈಯಲ್ಲಿವೆ, ಪೈಪೋಟಿ ತೀವ್ರವಾಗಿದೆ, ಡೆನ್ಮಾರ್ಕಿನಲ್ಲಿ ಸರ್ಕಾರ ಕನಿಷ್ಠ ಕೂಲಿಯನ್ನೂ ನಿಗದಿ ಮಾಡುವುದಿಲ್ಲ. 1938ರಲ್ಲಿ ಸ್ವೀಡನ್ನಿನ ಮಾಲೀಕರ ಸಂಘವೂ ಕಾರ್ಮಿಕ ಒಕ್ಕೂಟವೂ ಸಾಲ್ಟ್‌ಷೋಬಾಡೆನ್ ಎಂಬಲ್ಲಿ ಸೇರಿ ವೇತನ ಮತ್ತು ಮುಷ್ಕರಗಳ ನಿಯಮಗಳನ್ನು ತಾವೇ ಒಪ್ಪಿಕೊಂಡವು. ಕಂಪನಿ ನಷ್ಟವಾಗಿ ಮುಚ್ಚಿದರೆ ಅದನ್ನು ಉಳಿಸಲು ಸರ್ಕಾರ ಓಡಿಬರುವುದಕ್ಕಿಂತ ಕೆಲಸ ಕಳೆದುಕೊಂಡವನ ಜೀವನ ಮತ್ತು ತರಬೇತಿಗೆ ಹೆಚ್ಚು ಖರ್ಚು ಮಾಡುತ್ತದೆ. ಇದಕ್ಕೆ ಹಣ ಬರುವುದು ಶ್ರೀಮಂತರಿಂದ ಮಾತ್ರ ಎಂದು ತಿಳಿಯಬೇಡಿ. ಅಲ್ಲಿ ಬಹುತೇಕ ಸಾಮಾನುಗಳ ಮೇಲೆ ಶೇ 25ರಷ್ಟು ಮಾರಾಟ ತೆರಿಗೆಯನ್ನು ಸಾಮಾನ್ಯ ಜನರೇ ಕೊಡುತ್ತಾರೆ. ನಮ್ಮ ವೇದಿಕೆಗಳಲ್ಲಿ ಆ ದೇಶಗಳನ್ನು ಹೊಗಳುವವರು ಈ ಕೊನೆಯ ಮಾತನ್ನು ಹೇಳಿದ್ದನ್ನು ನಾನು ಕೇಳಿದ್ದು ಕಡಿಮೆ.

ನಮ್ಮ ಸಂವಿಧಾನ ಈ ಎರಡರಲ್ಲಿ ಒಂದನ್ನು ಆರಿಸಿದೆಯೇ ಎಂಬುದೂ ನಿಮ್ಮ ಪ್ರಶ್ನೆಯೊಳಗಿದೆ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಕೆ.ಟಿ. ಷಾ ಅವರು ಸಮಾಜವಾದಿ ಎಂಬ ಪದವನ್ನು ಸೇರಿಸಬೇಕೆಂದಾಗ ಡಾ. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ; ಸಮಾಜದ ಆರ್ಥಿಕ ರಚನೆ ಹೇಗಿರಬೇಕೆಂಬುದನ್ನು ಆಯಾ ಕಾಲದ ಜನರೇ ತೀರ್ಮಾನಿಸಬೇಕು, ಅದನ್ನು ಸಂವಿಧಾನದಲ್ಲಿ ಕಟ್ಟಿಹಾಕಿದರೆ ಪ್ರಜಾಪ್ರಭುತ್ವಕ್ಕೇ ಧಕ್ಕೆ ಎಂಬುದು ಅವರ ವಾದದ ತಿರುಳು. ಅದೇ ಅಂಬೇಡ್ಕರ್ ಮರುವರ್ಷ, ರಾಜಕೀಯದಲ್ಲಿ ಸಮಾನತೆ ಕೊಟ್ಟು ಆರ್ಥಿಕ ಬದುಕಿನಲ್ಲಿ ಅಸಮಾನತೆ ಉಳಿಸಿಕೊಂಡರೆ ಪ್ರಜಾಪ್ರಭುತ್ವ ಉಳಿಯುವುದು ಕಷ್ಟ ಎಂದು ಎಚ್ಚರಿಸಿದರು. ಈ ಎರಡು ಮಾತುಗಳನ್ನು ಒಟ್ಟಿಗೆ ಓದಬೇಕು. ಪದ ಸೇರಿದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಪದವನ್ನು ತೆಗೆಯಲು ನಿರಾಕರಿಸಿತಾದರೂ, ಅದಕ್ಕೆ ಕಲ್ಯಾಣ ರಾಜ್ಯವೆಂದು ಅರ್ಥವೇ ಹೊರತು ಖಾಸಗಿ ಉದ್ಯಮಕ್ಕೆ ತಡೆಯಿಲ್ಲವೆಂದು ಹೇಳಿತು. ಅದೇ ತಿಂಗಳು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿ ಆಸ್ತಿಯೆಲ್ಲವೂ ಸಮುದಾಯದ ಸಂಪನ್ಮೂಲವಾಗಿಬಿಡುವುದಿಲ್ಲ ಎಂದು ಬಹುಮತದ ತೀರ್ಪು ಕೊಟ್ಟಿತು. ನಿಮ್ಮ ತೋಟಕ್ಕೆ ಸಂವಿಧಾನದಿಂದ ಅಪಾಯವೇನಿಲ್ಲ.

ಆದರೆ ಆ ತೋಟದ ಸುತ್ತ ಎಷ್ಟು ಸರ್ಕಾರಿ ರಕ್ಷಣೆ ಇದೆ ಎಂದು ಬೆಳೆಗಾರರು ಅಷ್ಟಾಗಿ ಲೆಕ್ಕ ಹಾಕುವುದಿಲ್ಲ. ದೇವರಾಜ ಅರಸು ಅವರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ ಬಂದ 1974ರ ತಿದ್ದುಪಡಿ ರಾಜ್ಯದ ಗದ್ದೆ ಹೊಲಗಳ ಒಡೆತನವನ್ನೇ ಅಲುಗಾಡಿಸಿದರೂ, ಇಷ್ಟಕ್ಕಿಂತ ಹೆಚ್ಚು ಭೂಮಿ ಇರಕೂಡದೆಂಬ ಭೂಮಿತಿಯಿಂದ ಕಾಫಿ ತೋಟಗಳಿಗೆ ವಿನಾಯಿತಿ ಉಳಿಯಿತು. ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿಸದೆ ಹಾಗೆಯೇ ಮಾರಿದರೆ ಆ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಕ್ಯೂರಿಂಗ್ ಮಾಡಿ ಮಾರಿದರೆ ಆದಾಯದ ಶೇ 25, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ಭಾಗವಷ್ಟೇ ತೆರಿಗೆಗೆ ಒಳಪಡುತ್ತದೆ. ಸಹಕಾರ ಸಂಘದ ಬಡ್ಡಿರಹಿತ ಬೆಳೆ ಸಾಲ ಸಿಗುವುದು ಆರ್‌ಟಿಸಿ (ಪಹಣಿ) ಇದ್ದವರಿಗೆ. ಸರ್ಕಾರಿ ಜಾಗವನ್ನು ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ 25 ಎಕರೆಯವರೆಗೆ 30 ವರ್ಷದ ಗುತ್ತಿಗೆ ಕೊಡಲು ರಾಜ್ಯವು ಭೂಕಂದಾಯ ಕಾಯ್ದೆಗೇ ತಿದ್ದುಪಡಿ ತಂದಿತು. ಇವುಗಳಲ್ಲಿ ಕೆಲವಕ್ಕೆ ಒಳ್ಳೆಯ ಕಾರಣಗಳಿವೆ. ತೋಟವನ್ನು ತುಂಡು ಮಾಡಿದರೆ ಮರ ಉಳಿಯುವುದಿಲ್ಲ ಎಂಬುದೂ ಒಂದು. ಆದರೂ ಒಟ್ಟು ಚಿತ್ರ ನೋಡಿ. ಒತ್ತುವರಿ ಮಾಡಿದ 25 ಎಕರೆಗೆ ಗುತ್ತಿಗೆ, ದಿಡ್ಡಳ್ಳಿಯ ಗುಡಿಸಲಿಗೆ ಜೆಸಿಬಿ. ಕೊಡಗಿನಲ್ಲಿ ಭೂಮಿ ಇದ್ದವರು ಸರ್ಕಾರದ ಆಸರೆಯಲ್ಲೂ ಭೂಮಿ ಇಲ್ಲದವರು ಮಾರುಕಟ್ಟೆಯ ಕರುಣೆಯಲ್ಲೂ ಬದುಕುತ್ತಿದ್ದಾರೆ. ಸರಿದೂಗಿಸಬೇಕಾದ್ದು ಇದನ್ನು, ಮತ್ತು ಇದು ತಿರುಗುಮುರುಗಾಗಬೇಕು ಎಂಬುದೇ ನಿಮ್ಮ ಪ್ರಶ್ನೆಗೆ ನನ್ನ ಮುಖ್ಯ ಉತ್ತರ. ಭೂಮಿ, ಬಂಡವಾಳ ಇರುವವರು ಮಾರುಕಟ್ಟೆಯ ಏರಿಳಿತವನ್ನು ಹೆಚ್ಚು ಹೊರಬಲ್ಲರು. ದುಡಿಮೆಯೊಂದೇ ಇರುವವರಿಗೆ ಮೊದಲ ಆಸರೆ ಸಿಗಬೇಕು.

ಕೆಲವು ವಿಷಯಗಳಲ್ಲಿ ಮಾರುಕಟ್ಟೆ ಬರುವುದೇ ಇಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷ. ಗುಡ್ಡಗಾಡಿನಲ್ಲಿ ಚದುರಿದ ಇಷ್ಟು ಜನರಿಗಾಗಿ ದೊಡ್ಡ ಖಾಸಗಿ ಆಸ್ಪತ್ರೆ ಕಟ್ಟಿದರೆ ಗಿಟ್ಟುವುದಿಲ್ಲ. ಆದ್ದರಿಂದಲೇ ಎಷ್ಟು ತೋಟವಿದ್ದರೂ ಎದೆನೋವು ಬಂದವರನ್ನು ಮೈಸೂರಿಗೋ ಮಂಗಳೂರಿಗೋ ಸಾಗಿಸುವುದು ತಪ್ಪಿಲ್ಲ. ಇಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯನ್ನು ಬಲಪಡಿಸುವುದು ಬಿಟ್ಟು ಬೇರೆ ದಾರಿ ನನಗೆ ಕಾಣುವುದಿಲ್ಲ, ಇದರಲ್ಲಿ ಸಿದ್ಧಾಂತದ ಜಗಳಕ್ಕೆ ಜಾಗವೂ ಇಲ್ಲ.

ಸರ್ಕಾರ ಮತ್ತು ಖಾಸಗಿ ಎರಡೂ ಅಲ್ಲದ ಸಹಕಾರ ಎಂಬ ಮೂರನೆಯ ದಾರಿಯೂ ಉಂಟು. ವಿರಾಜಪೇಟೆಯ ಜೇನು ಸಹಕಾರ ಸಂಘ 1936ರದು. ಕಾಫಿ ಮಂಡಳಿ ತಾನು ನಡೆಸುತ್ತಿದ್ದ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ನೌಕರರೇ ಸಂಘ ಕಟ್ಟಿ ಅವನ್ನು ವಹಿಸಿಕೊಂಡರು, 1957ರಲ್ಲಿ ಬೆಂಗಳೂರಿನಿಂದ ಅದು ಆರಂಭವಾಯಿತು. ಇಂಡಿಯನ್ ಕಾಫಿ ಹೌಸ್‌ಗಳು ಈಗಲೂ ನಡೆಯುತ್ತಿವೆ. ಆದರೆ ಸಹಕಾರ ಸಂಘದ ಚುನಾವಣೆ ಪಕ್ಷದ ಚುನಾವಣೆಯಾದ ದಿನ ಲೆಕ್ಕಪತ್ರ ಹಾಳಾಗುವುದನ್ನು ನಾವೆಲ್ಲ ನೋಡಿದ್ದೇವೆ, ಹಾಗಾಗಿ ಇದನ್ನು ಸರ್ವರೋಗಕ್ಕೆ ಮದ್ದು ಎನ್ನಲಾರೆ.

ಇನ್ನು ಬೆಂಬಲ ಬೆಲೆ. ಕಾಫಿಯಲ್ಲಿ ಹೆಚ್ಚಿನ ಭಾಗ ವಿದೇಶಕ್ಕೆ ಹೋಗುವುದರಿಂದ ಸರ್ಕಾರ ಇಲ್ಲಿ ದರ ಕಟ್ಟಿದರೆ ಅದನ್ನು ಕೊಳ್ಳಬೇಕಾದವರು ಸರ್ಕಾರದವರೇ; ಮತ್ತೆ ಪೂಲ್ ಬಂದಂತೆಯೇ. ಸಾಲ ಮನ್ನಾ ಹೆಚ್ಚು ಸಾಲ ಮಾಡಿದವನಿಗೆ ಹೆಚ್ಚು ಕೊಡುತ್ತದೆ, ಸಾಲ ಹುಟ್ಟದ ಕಾರ್ಮಿಕನಿಗೆ ಏನೂ ಕೊಡುವುದಿಲ್ಲ. ನನಗೆ ಸರಿ ಕಾಣುವುದು ದರ ಸ್ಥಿರೀಕರಣ ನಿಧಿ. ಕೇಂದ್ರವು 2003ರಲ್ಲಿ ಚಹಾ, ಕಾಫಿ, ರಬ್ಬರ್, ತಂಬಾಕುಗಳಿಗಾಗಿ ನಾಲ್ಕು ಹೆಕ್ಟೇರ್‌ವರೆಗಿನ ಬೆಳೆಗಾರರಿಗೆ ಇಂಥದೊಂದನ್ನು ತೆರೆಯಿತು, ಆದರೆ ಸೇರಿದವರು ಕಡಿಮೆ. ಕಾರಣ ಊಹಿಸುವುದು ಕಷ್ಟವಲ್ಲ: ದರ ಬಿದ್ದಾಗ ನಿಧಿಗೆ ಹಾಕಲು ಕೈಯಲ್ಲಿ ಹಣವಿರುವುದಿಲ್ಲ, ದರ ಏರಿದಾಗ ಹಾಕಲು ಮನಸ್ಸಿರುವುದಿಲ್ಲ. ಆದ್ದರಿಂದ ಅದು ಐಚ್ಛಿಕವಾಗಿರದೆ, ದರ ಒಂದು ಮಟ್ಟ ದಾಟಿದ ವರ್ಷ ಪ್ರತಿ ಚೀಲಕ್ಕೆ ಇಷ್ಟೆಂದು ಎಲ್ಲ ಬೆಳೆಗಾರರಿಂದ ಕಡಿತವಾಗಬೇಕು, ದೊಡ್ಡ ಕಂಪನಿಗಳಿಂದ ತುಸು ಹೆಚ್ಚು. ದರ ಕುಸಿದ ವರ್ಷ ಸಣ್ಣ ಬೆಳೆಗಾರರ ಖಾತೆಗೂ, ಕೆಲಸದ ದಿನಗಳು ಕಡಿಮೆಯಾದ ಕಾರ್ಮಿಕರ ಖಾತೆಗೂ ಹೋಗಬೇಕು. ಮಾರಾಟ ಪೂರ್ತಿ ನಿಮ್ಮ ಕೈಯಲ್ಲೇ ಇರುತ್ತದೆ. ಇಂಥ ಕಡಿತಕ್ಕೆ ಒಪ್ಪಿಗೆ ಸಿಗಬಹುದಾದ್ದು ಚೀಲಕ್ಕೆ ಐದಂಕಿಯ ದರ ಕಂಡ ನೆನಪು ಹಸಿಯಾಗಿರುವ ಈ ಕಾಲದಲ್ಲಿ ಮಾತ್ರ, ಆದ್ದರಿಂದ ನಿಮ್ಮ ಬೆಳೆಗಾರರ ಸಂಘದ ಮುಂದಿನ ಸಭೆಯಲ್ಲಿ ಬೆಂಬಲ ಬೆಲೆಯ ಮನವಿಗೆ ಸಹಿ ಹಾಕುವ ಮೊದಲು ಇದನ್ನು ಎತ್ತಿ ಕೇಳಿ.